ಆಸ್ಕರ್ ಮೀನಿನ ಸೋಮವಾರದ ಉಪವಾಸ

12 ಆಗಸ್ಟ್ 2025, ಮಂಗಳವಾರ

ಮತ್ತೊಂದು ಸಕ್ಕರ್ ಮೀನು ಹೋಯಿತು. ಅಕ್ವೇರಿಯಂ ಗಾಜಿಗೆ ಹಿಡಿದ ಪಾಚಿಯನ್ನು ತಿನ್ನಲಿ ಎಂದು ಭಾನುವಾರ ಅರಸೀಕೆರೆಯಲ್ಲಿ ಕೊಂಡು, ಕಣಕಟ್ಟೆ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದಿದ್ದೆ. ಇವತ್ತು ಬೆಳಿಗ್ಗೆ ನೋಡಿದರೆ ಅದರ ಬಾಲ ನಮ್ಮ ಆಸ್ಕರ್ ಮೀನಿನ ಬಾಯಿಂದ ಇಣುಕುತ್ತಿತ್ತು.

ಮೀನಿನ ಅಂಗಡಿಯ ಚನ್ನೇಶನಿಗೆ ಫೋನ್ ಮಾಡಿ ರೇಗಿದೆ.

"ಆಸ್ಕರ್ ಬಾಯಿಗಿಂತ ದೊಡ್ಡದನ್ನೇ ಬಿಡ್ಬೇಕು ಅಕ್ಕ. ಸದ್ಯಕ್ಕೆ ನಮ್ಮತ್ರ ಅಂಥದ್ದಿಲ್ಲ. ಅದ್ಸರಿ, ಹೊಟ್ಟೆಗೆ ಸರಿಯಾಗಿ ಹಾಕ್ತಿದ್ದೀರಾ ತಾನೆ?" ಎಂದ.

ನಿನ್ನೆ ಶ್ರಾವಣ ಸೋಮವಾರ. ಅತ್ತೆ ಮೀನಿನ ಊಟದ ಡಬ್ಬಿಯನ್ನು ಎತ್ತಿಟ್ಟುಬಿಟ್ಟಿದ್ದರು. "ನಮ್ಮನೇಲಿ ಇದ್ಮೇಲೆ ಅದೂ ಉಪವಾಸ ಮಾಡ್ಲಿ ಬಿಡೇ. ಒಂದಿನಕ್ಕೆ ಏನೂ ಆಗಲ್ಲ" ಎಂದಿದ್ದರು.

ಬಾಲ ತೋರಿಸಿದಾಗ "ಪಾಪ, ಪಾಚಿ ತಿನ್ಕೊಂಡಿದ್ದ ಜೀವ" ಎಂದು ಕಣ್ಣೊರೆಸಿಕೊಂಡರು. ಆಮೇಲೆ, ರಾತ್ರಿಯೇ ನುಂಗಿ ಸೋಮವಾರದ ವ್ರತ ಕೆಡಿಸಿತು ಎಂದು ಆಸ್ಕರ್ ಮೇಲೇ ಸಿಟ್ಟು. ಸಂಜೆಯವರೆಗೂ ಅದರ ಕಡೆ ತಿರುಗಿಯೂ ನೋಡಲಿಲ್ಲ. ನನಗೆ ನಗುವುದಕ್ಕೂ ಆಗಲಿಲ್ಲ, ಜಗಳವಾಡುವುದಕ್ಕೂ ಆಗಲಿಲ್ಲ.

ಮುಂದಿನ ಸೋಮವಾರವೂ ಶ್ರಾವಣವೇ. ಡಬ್ಬಿ ಇನ್ನೂ ನನ್ನ ಕೈಗೆ ಬಂದಿಲ್ಲ. ಭುಜದವರೆಗೂ ನೀರಿಗಿಳಿಸಿ ಗಾಜು ಉಜ್ಜಿದ ಕೈ ಈಗಲೂ ನಾರುತ್ತಿದೆ. ಪಾಚಿ ತೆಗೆಯುವ ಜೀವಗಳಲ್ಲಿ ಆ ಬಾಯಿಗಿಂತ ದೊಡ್ಡದು ಅಂತ ಈ ಮನೆಯಲ್ಲಿ ಉಳಿದಿರುವುದು ನಾನೊಬ್ಬಳೇ.