ಗಣೇಶನ್ ಯಾಕೆ ಮಾತಾಡುವುದಿಲ್ಲ

ಪಳನಿ
೧೧-೧೧-೨೦೨೪

ಪ್ರೀತಿಯ ವೀರಮ್ಮಾಳಕ್ಕನಿಗೆ, ತಮ್ಮ ಕಾಮರಾಜ್ ಮಾಡುವ ನಮಸ್ಕಾರ.

ನಿನ್ನ ಮೂರು ಕಾಗದಕ್ಕೂ ಉತ್ತರ ಬರೆಯದ ನನ್ನನ್ನು ನೀನು ಬೈಯುತ್ತಿರುವುದು ಗೂಡಲೂರಿನಿಂದ ಇಲ್ಲಿಗೇ ಕೇಳಿಸುತ್ತಿದೆ. ಬೈಯಿ, ತಪ್ಪಿಲ್ಲ. ಫೋನಿನಲ್ಲೇ ಹೇಳಿಬಿಡೋಣ ಎಂದು ಎರಡು ಸಲ ಹೊರಟೆ; ನಿನ್ನ ದನಿ ಕೇಳಿದ ಕೂಡಲೇ ಇಟ್ಟುಬಿಟ್ಟೆ.

ಇಲ್ಲಿ ಬೆಟ್ಟದ ಬುಡದಲ್ಲಿ ಒಂದು ಕೋಣೆ ಹಿಡಿದಿದ್ದೇನೆ. ಇಪ್ಪತ್ತೆರಡು ವರ್ಷ ಸೈನ್ಯದ ಪಲ್ಟನ್ನಿನಲ್ಲಿ ಪೂಜಾರಿಯಾಗಿದ್ದವನಿಗೆ ಈಗ ಗಂಟೆ ಎತ್ತಲು ಕೈ ಬರುವುದಿಲ್ಲ. ನನ್ನ ಗಡ್ಡ ನೋಡಿ ಮುರುಗನಿಗೆ ಕಾವಡಿ ಹೊತ್ತು ಬರುವವರು ಕಾಲಿಗೆ ಬೀಳುತ್ತಾರೆ. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ ಎಂದು ನೀನು ಚುಡಾಯಿಸುತ್ತಿದ್ದೆಯಲ್ಲ, ಅದೇ ನೆನಪಾಗಿ ನಾಚಿಕೆಯಾಗುತ್ತದೆ.

ಬೆಳಗಿನ ಜಾವ ದಿನವೂ ಒಂದೇ ಕನಸು. ನಮ್ಮ ದ್ರಾಕ್ಷಿ ಚಪ್ಪರದ ಮೇಲೆ ಮಂಜು ಇಳಿದಿರುತ್ತದೆ. ಅದರೊಳಗಿಂದ ಒಬ್ಬ ಮುದುಕ ಹಗ್ಗ ಹಿಡಿದು ಬರುತ್ತಾನೆ. "ಲಚ್ಮೀ, ಬಾರವ್ವಾ, ಒತ್ತಾಯ್ತು" ಎಂದು ನಮ್ಮ ಮನೆಮಾತಾದ ಕನ್ನಡದಲ್ಲೇ ಹಸುವನ್ನು ಕರೆಯುತ್ತಾನೆ. ಹಸು ಬರುವುದಿಲ್ಲ, ಮಂಜೇ ಬಂದು ಅವನ ಕೈ ನೆಕ್ಕುತ್ತದೆ. ನೋಡುವಾಗ ಬಹಳ ಚೆನ್ನಾಗಿರುತ್ತದೆ. ಎಚ್ಚರವಾದ ಮೇಲೆ ದೀಪ ಹಚ್ಚಿಕೊಂಡು ಬೆಳಗಾಗುವವರೆಗೆ ಕೂರುತ್ತೇನೆ.

ಸೈನ್ಯ ಬಿಟ್ಟು ಬಂದಾಗಿನಿಂದ ಗಣೇಶನ್ ತುಟಿ ಬಿಚ್ಚಿಲ್ಲ ಎಂದು ಬರೆದಿದ್ದೀಯೆ. "ನನ್ನ ಮಗ ನಿನ್ನ ಪಲ್ಟನ್ನಾಗೇ ಇದ್ದೋನು, ನಿನಗ್ ತೆರಿಯದಾ?" ಎಂದು ಕೇಳಿದ್ದೀಯೆ. ಅವನ ಹೆಂಡತಿ ಚಿನ್ನತಾಯಿ ಪೇಯಿ, ದೆವ್ವ ಬಿಡಿಸಲು ಕರೆದುಕೊಂಡು ಹೋಗುತ್ತಾಳಂತೆ. ಬೇಡ ಅನ್ನು. ಅವನಿಗೆ ಯಾವ ಪೇಯಿಯೂ ಹಿಡಿದಿಲ್ಲ.

ಮಕ್ಕಳಿಗೆಲ್ಲ ಮುರುಗನ ಕಾವಲಿರಲಿ. ನನ್ನನ್ನು ನೀನು ಹರಸು.

ನಿನ್ನ ತಮ್ಮ,
ಕಾಮರಾಜ್

ಸಹಿ ಹಾಕಿದ ಮೇಲೆ ಧೈರ್ಯ ಬಂತು, ಬರೆಯುತ್ತೇನೆ. ಆ ಮುದುಕ ನಿಜವಾಗಿಯೂ ಇದ್ದ. ಗಡಿಯ ಹಳ್ಳಿಯವನು, ಮಂಜಿನಲ್ಲಿ ಕಳೆದ ಹಸು ಹುಡುಕುತ್ತಿದ್ದ. ಕೈಯ ಹಗ್ಗ ಗಣೇಶನ್ ಕಣ್ಣಿಗೆ ಬಂದೂಕಾಗಿ ಕಂಡಿತು, ಗುಂಡು ಹಾರಿಸಿದ. ಸಂಜೆ ನನ್ನ ಹತ್ತಿರ ಬಂದು ಅತ್ತ.

"ಮಾಮ, ಅರೀದೆ ಪಸು ಕೊಂದೋನು ನಮ್ಮ ಕುಲದೋರ ದನದ ದೊಡ್ಡಿ ಬಾಗ್ಲಾಗೆ ಕೊರಳಿಗೆ ಅಗ್ಗ ಆಕ್ಕೊಂಡು ಎಲ್ಲಾರ್ ಮುಂದೆ ಯೋಳ್ತಾನೆ. ಅಪ್ಪುರ ದೊಡ್ಡೋರು ಪಾಪ ಕಳೀತು ಅಂತ ನೀರು ಕೊಡ್ತಾರೆ. ನಾನು ಮನುಸನ್ನ ಕೊಂದೆ. ನಾನೂ ಓಗಿ ಯೋಳ್ಬೇಕು."

ಪಲ್ಟನ್ನಿನ ಮಾನ, ನಮ್ಮ ಮನೆತನದ ಮಾನ ಎಂದು ಹೆದರಿದೆ. ಇದು ಪಾಪವಲ್ಲ, ಕರ್ತವ್ಯ ಎಂದೆ. ಅವನು ಒಪ್ಪಲಿಲ್ಲ. ದೇವರ ಮುಂದೆ ನಿಲ್ಲಿಸಿ ನಿನ್ನ ಮೇಲೆ ಆಣೆ ಹಾಕಿಸಿದೆ, "ಬಾಯಿ ಬಿಟ್ಟರೆ ನಿನ್ನ ತಾಯಿ ಉಳಿಯುವುದಿಲ್ಲ" ಎಂದು ಅವನಿಗೆ ಹೇಳಿದೆ. ಒಂದು ಮಾತು ಹೊರಬಿದ್ದರೆ ಆ ಮಾತೂ ಬಿದ್ದೀತೆಂದು ಅವನು ಎಲ್ಲ ಮಾತನ್ನೂ ನುಂಗಿದ್ದಾನೆ.

ಶುಕ್ರವಾರ ಬರುತ್ತೇನೆ. ಆಣೆ ನಾನೇ ಬಿಡಿಸಬೇಕು. ದೊಡ್ಡಿ ಬಾಗಿಲಲ್ಲಿ ಮೊದಲು ನಾನು ನಿಲ್ಲುತ್ತೇನೆ. ಅಲ್ಲಿಯವರೆಗೆ ಮಾತಾಡು, ಮಾತಾಡು ಎಂದು ಅವನನ್ನು ಪೀಡಿಸಬೇಡ ಅಕ್ಕ. ನೀನು ಬದುಕಿರಲೆಂದೇ ಅವನು ಸುಮ್ಮನಿದ್ದಾನೆ.