ಕಾಫಿಯ ಹೊತ್ತು ಪಾಠವಲ್ಲವಂತೆ

ಹೊರದೇಶಗಳಲ್ಲಿ ನಡೆಯುವ ಸ್ವೀಡಿಶ್ ಪೂರಕ ಪಾಠಗಳಿಗೆ ಮಂಜೂರಾತಿ ನೀಡುವ ಮಾನ್ಯ ಅಧಿಕಾರಿಗಳೇ,

ಅರ್ಜೆಂಟೀನಾದ ಮೂಲೆಯಲ್ಲಿರುವ ನಮ್ಮ ಒಬೆರಾ ಊರಿನ ಶನಿವಾರದ ಸ್ವೀಡಿಶ್ ತರಗತಿಯನ್ನು ತಾವು ಮುಚ್ಚಿಸಿದ್ದೀರಿ. ಕಾರಣ, ಪಾಠದ ನಡುವೆ ನಾವು ಕಾಫಿ ಕುಡಿಯುತ್ತೇವೆ. ಆ ಹೊತ್ತನ್ನು ಕಳೆದರೆ ನಿಯಮದಷ್ಟು ಬೋಧನೆ ಉಳಿಯುವುದಿಲ್ಲವಂತೆ. ಭೇಷ್! ಕಾಫಿ ಕುಡಿದ ತಪ್ಪಿಗೆ ಸ್ವೀಡಿಶರನ್ನು ಶಿಕ್ಷಿಸಿದ ಮೊದಲ ಸ್ವೀಡಿಶ್ ಕಚೇರಿ ತಮ್ಮದೇ ಇರಬೇಕು. ವಿವರಣೆ ಕೇಳೋಣವೆಂದು ಫೋನ್ ಮಾಡಿದರೆ ಅತ್ತಲಿಂದ ಬಂದ ಉತ್ತರವೇನು ಗೊತ್ತೇ? "ಸಾಹೇಬ್ರು ಕಾಫಿಗೆ ಹೋಗಿದ್ದಾರೆ, ಆಮೇಲೆ ಮಾಡಿ."

ನಾನು ಇಲ್ಲಿನವರು ಚಹಾದಂತೆ ಕುಡಿಯುವ ಯೆರ್ಬಾ ಸೊಪ್ಪು ಬೆಳೆಯುವವನು. ನನ್ನ ತಾಯಿ ಮೆರ್ತಾ ಸ್ವೀಡನ್ನಿನಿಂದ ವಲಸೆ ಬಂದವರ ಮಗಳು. "ನನ್ ಮಗ ಇಲ್ಲಿನವರ ಥರಾನೇ ಮಾತಾಡ್ಲಿ" ಎಂದು ಹಟ ಹಿಡಿದು ನನ್ನನ್ನು ಸ್ಪ್ಯಾನಿಷಿನಲ್ಲೇ ಬೆಳೆಸಿದಳು. ಹೋದ ವರ್ಷ ಲಕ್ವ ಹೊಡೆದು ಅವಳ ಸ್ಪ್ಯಾನಿಷ್ ಪೂರ್ತಿ ಅಳಿಸಿಹೋಯಿತು, ಸ್ವೀಡಿಶ್ ಮಾತ್ರ ಉಳಿಯಿತು. ಅವಳು ನೀರು ಕೇಳಿದರೆ ನಾನು ಕಂಬಳಿ ಹೊದಿಸುತ್ತಿದ್ದೆ. ಕೊನೆಗೆ ಅವಳು ಕೇಳುವುದನ್ನೇ ಬಿಟ್ಟಳು. ಆ ಸಂಕಟಕ್ಕೆ ಮಗಳು ಸಿಗ್ನೆಯ ಜೊತೆ ನಾನೂ ತರಗತಿ ಸೇರಿದೆ, ಅಮ್ಮನನ್ನೂ ಕರೆದೊಯ್ಯತೊಡಗಿದೆ.

ಪುಸ್ತಕ ತೆರೆದಾಗ ನಮ್ಮ ಮಕ್ಕಳು ಆಕಳಿಸುತ್ತಾರೆ, ಸುಳ್ಳೇಕೆ ಹೇಳಲಿ? ಮಾತಿಗೆ ಬಾಯಿ ಬಿಡುವುದು ಏಲಕ್ಕಿ ಬನ್ನಿನ ತಟ್ಟೆ ಬಂದ ಮೇಲೆ. ಟೀಚರ್ ಉಲ್ರಿಕಾರ ಕಟ್ಟಪ್ಪಣೆ ಒಂದೇ: "ಸ್ಪ್ಯಾನಿಷ್ ಆಡಿದವ್ರಿಗೆ ಬನ್ನಿಲ್ಲ!" ಸ್ವೀಡಿಶ್ ಮರ್ಯಾದೆಯಂತೆ ಕೊನೆಯ ಬನ್ನನ್ನಂತೂ ಯಾರೂ ಇಡಿಯಾಗಿ ತೆಗೆಯುವಂತಿಲ್ಲ. ಅರ್ಧ ಮುರಿಯಬೇಕು, ಅದರಲ್ಲಿ ಅರ್ಧ ಮುರಿಯಬೇಕು, ಉಳಿದ ಚೂರಿಗೆ ಒಬ್ಬರನ್ನೊಬ್ಬರು ಒತ್ತಾಯಿಸಬೇಕು. ಒಂದು ಶನಿವಾರ ಆ ಚೂರನ್ನು ನೋಡಿ ಅಮ್ಮ ಸಿಗ್ನೆಯೊಡನೆ ಮಾತಾಡಿಬಿಟ್ಟಳು.

"ತಗೊಳ್ಳೇ ಪುಟ್ಟಿ, ಕಡ್ಡಿ ಥರ ಇದ್ದೀಯ."

"ನೀನೇ ತಗೋ ಅಜ್ಜಿ. ನಂಗೆ ಮುಂದಿನ ಹಲ್ಲೇ ಇಲ್ಲ."

"ನಂಗೆಲ್ಲಿದ್ಯೇ, ತರಲೆ!"

ಅಮ್ಮ ನಕ್ಕಳು. ಅಷ್ಟೂ ನನಗೆ ಅರ್ಥವಾಯಿತು. ಕಾಫಿ ಲೋಟ ಹಿಡಿದುಕೊಂಡೇ ಅತ್ತುಬಿಟ್ಟೆ, ಮಾನ್ಯರೇ.

ತಾವು ಕಳಿಸಿದ ತಪಾಸಕರು ಬಂದದ್ದು ಅದಾದ ಮೇಲೆ. ಅದೇ ಮೇಜಿಗೆ ಕೂತು, ಯಾರನ್ನೂ ಕೇಳದೆ, ಕೊನೆಯ ಬನ್ನನ್ನು ಇಡಿಯಾಗಿ ಬಾಯಿಗಿಟ್ಟರು. ಅಮ್ಮ ಸುಮ್ಮನಿರುವಳೇ? "ಯಾರ ಮನೆಯವನೋ ಇವ್ನು? ಏನೂ ಕಲ್ಸೇ ಇಲ್ವಲ್ಲ ಇವ್ನಿಗೆ!" ಮಕ್ಕಳೆಲ್ಲ ಕಿಸಕ್ಕೆಂದರು, ಅಂದರೆ ಎಲ್ಲರಿಗೂ ತಿಳಿದಿತ್ತು. ಮಹಾಶಯರು ಕೆಂಪೇರಿ ಎದ್ದುಹೋಗಿ ವರದಿಯಲ್ಲಿ ಬರೆದರು, "ಬೋಧನೆ ನಡೆಯುತ್ತಿರಲಿಲ್ಲ." ಅಲ್ಲ ಸ್ವಾಮಿ, ಅವತ್ತು ಎಲ್ಲರಿಗಿಂತ ದೊಡ್ಡ ಪಾಠ ಆಗಿದ್ದು ಅವರಿಗೇ ಅಲ್ಲವೇ?

ನನ್ನ ಬೇಡಿಕೆ ಸರಳ. ಆದೇಶ ಹಿಂಪಡೆಯಿರಿ, ಕಾಫಿಯ ಹೊತ್ತನ್ನು ಪಾಠವೆಂದು ಒಪ್ಪಿಕೊಳ್ಳಿ. ಅದಾಗದಿದ್ದರೆ ತಾವೇ ಒಂದು ಶನಿವಾರ ನಮ್ಮ ಮನೆಗೆ ಬನ್ನಿ. ಅಮ್ಮ ಈಗಲೂ ಒಳ್ಳೆಯ ಬಟ್ಟೆ ಉಟ್ಟು ಬಾಗಿಲ ಬಳಿ ಕೂತಿರುತ್ತಾಳೆ. "ಕಾಫಿಗೆ ಹೊತ್ತಾಯ್ತಲ್ಲೋ, ಯಾಕೋ ಹೊರಡ್ತಿಲ್ಲ?" ಎಂದು ಕೇಳುತ್ತಾಳೆ. ಆ ಪ್ರಶ್ನೆ ಅರ್ಥವಾಗುವಷ್ಟು ಸ್ವೀಡಿಶ್ ನನಗೆ ಬಂದಿದೆ. ಉತ್ತರ ಹೇಳುವಷ್ಟು ಕಲಿಯುವ ಮೊದಲೇ ತಾವು ತರಗತಿ ಮುಚ್ಚಿದಿರಿ. ಆದ್ದರಿಂದ ತಾವೇ ಬಂದು ಅವಳಿಗೆ ಹೇಳಿ.

ಇಂತಿ,
ಮಕ್ಕಳ ಬೆಂಚಿನಲ್ಲಿ ಮೊಣಕಾಲು ಮಡಚಿ ಕೂತು ಅರ್ಧ ಕಲಿತ,
ರಗ್ನಾರ್ ಸುಂಡ್‌ಬೆರಿ, ಒಬೆರಾ