ಶಿವಮೊಗ್ಗಕ್ಕೆ ಹೋದವರು

ಶಿಕಾರಿಪುರ
ಭಾನುವಾರ, ೧೬ ನವೆಂಬರ್ ೨೦೨೫

ಸೊರಬ ಬಸ್‌ಸ್ಟ್ಯಾಂಡಿನ ಹಿಂಭಾಗದ ಸಮಸ್ತ ಹೊಲಿಗೆ ಸಾಮ್ರಾಜ್ಯದ ಏಕಚಕ್ರಾಧೀಶ್ವರಿಯೂ, ಫಾಲ್ಸ್-ಕುಚ್ಚು ಕಲಾವಿಶಾರದೆಯೂ, ಗಂಡಭೇರುಂಡ ಕತ್ತರಿ ಬಿರುದಾಂಕಿತರೂ, ಹಬ್ಬದ ಹಿಂದಿನ ದಿನ ಬ್ಲೌಸ್ ಪೀಸ್ ಹಿಡಿದು ಬಂದವರ ಪಾಲಿಗೆ ಸಾಕ್ಷಾತ್ ರುದ್ರಸ್ವರೂಪಿಣಿಯೂ ಆದ ಶ್ರೀಮನ್ಮಹಾ ಅಕ್ಕನಾಗಮ್ಮ ದೊಡ್ಡಮ್ಮನವರ ಪಾದಾರವಿಂದಗಳಿಗೆ (ಎಡ ಮೊಣಕಾಲು ನೋವಿರುವುದರಿಂದ ಸದ್ಯಕ್ಕೆ ಬಲ ಪಾದಾರವಿಂದಕ್ಕೆ ಮಾತ್ರ), ತಮ್ಮ ತಂಗಿ ವಾಣಿಶ್ರೀಯವರ ಏಕೈಕ ಕುಲದೀಪಕನೂ, ಬಿ.ಕಾಂ. ಎರಡನೇ ವರ್ಷದಲ್ಲಿ ಎರಡನೇ ಸಲ ವಿರಾಜಮಾನನೂ, ತಮ್ಮ ಆಸ್ಥಾನದ ಪುಸ್ತಕ ಪರೀಕ್ಷಾಧಿಕಾರಿಯೂ ಆದ ಯತೀಶನು ಬೋರಲು ಬಿದ್ದು ಮಾಡುವ ನಮಸ್ಕಾರಗಳು.

ಹೋದ ವಾರ ತಾವು ಪಾರ್ಸೆಲ್ಲನ್ನು ಬಿಚ್ಚದೆಯೇ ವಾಪಸ್ ಕಳಿಸಿದ್ದು ಆಸ್ಥಾನದ ಗಮನಕ್ಕೆ ಬಂದಿದೆ. ಕಂಡಕ್ಟರ್ ಆನಂದಪ್ಪನವರು ಅದನ್ನು ನನ್ನ ಕೈಗಿಟ್ಟು, "ನಿಮ್ಮ ದೊಡ್ಡಮ್ಮ ಬ್ಯಾಡ ಅಂದ್ರಪ್ಪ. ಮಷಿನ್ ಬಿಟ್ಟು ಏಳಲೂ ಇಲ್ಲ. ಏನ್ ಕಿತಾಪತಿ ಮಾಡೀಯ ಈ ಸಲ?" ಎಂದು ಇಡೀ ಬಸ್ಸಿಗೆ ಕೇಳುವ ಹಾಗೆ ವಿಚಾರಿಸಿದರು. ಫೋನನ್ನಂತೂ ತಾವು ಎತ್ತುತ್ತಿಲ್ಲ. ಈಶ್ವರ ದೊಡ್ಡಪ್ಪ ಎತ್ತಿ, "ಅವಳು ಹೊರಗೆ ಹೋಗಿದಾಳೆ ಕಣೋ" ಅನ್ನುತ್ತಾರೆ. ಹಿಂದಿನಿಂದ ಹೊಲಿಗೆ ಮಷಿನ್ ಕಟಕಟ ಅನ್ನುತ್ತಿರುತ್ತದೆ. ಸುಳ್ಳು ಹೇಳುವುದಕ್ಕೆ ದೊಡ್ಡಪ್ಪನಿಗೆ ಟ್ಯೂಷನ್ ಬೇಕಿದ್ದರೆ ನಾನು ಫೀಸಿಲ್ಲದೆ ಕೊಡಬಲ್ಲೆ.

ಅದೇ ದೊಡ್ಡಪ್ಪ ಮೊನ್ನೆ ದನಿ ತಗ್ಗಿಸಿ ಇನ್ನೊಂದು ಮಾತು ಹೇಳಿದರು. ಸೌಂದರ್ಯಕ್ಕನ ಪುಸ್ತಕಗಳನ್ನೆಲ್ಲ ತಾವು ಎರಡು ಚೀಲಕ್ಕೆ ತುಂಬಿ, ಬಾಯಿ ಹೊಲಿದು, ಬಾಗಿಲ ಹಿಂದೆ ಇಟ್ಟಿದ್ದೀರಂತೆ. ರದ್ದಿಯವನು ಬಂದರೆ ಕೊಡುವುದಂತೆ. ಇದು ಸುಳ್ಳು ಅನ್ನಿಸಲಿಲ್ಲ. ದೊಡ್ಡಪ್ಪನಿಗೆ ಸುಳ್ಳು ಹೇಳಲು ಬರುವುದಿಲ್ಲ ಎಂದು ಈಗಷ್ಟೇ ನಿವೇದಿಸಿದ್ದೇನೆ.

ಆದಕಾರಣ ಈ ಅರ್ಜಿ. ಕೋರ್ಟಿನ ಪದ್ಧತಿಯಂತೆ ಮೊದಲಿನಿಂದ ಹೇಳುತ್ತೇನೆ. ತಮಗೆ ಗೊತ್ತಿರುವುದೇ ಆದರೂ ಕೇಳಬೇಕು.

ನಮ್ಮ ಎರಡೂ ಮನೆಗಳಿಗೆ ಸೇರಿ ಪುಸ್ತಕದ ಒಂದು ಕಾಯಿದೆ ಇತ್ತು. ಯಾವ ಪುಸ್ತಕ ಬಂದರೂ ಮೊದಲು ಅಕ್ಕ ಓದಬೇಕು, ಆಮೇಲೆ ತಾವು, ಕೊನೆಗೆ ಎಂಜಲು ಪ್ರಸಾದದಂತೆ ನಾನು. ಅಕ್ಕ ಸೊರಬದಿಂದ ಇಲ್ಲಿಯ ಕಾಲೇಜಿಗೆ ಬಸ್ಸಿನಲ್ಲಿ ಬಂದು ಹೋಗುತ್ತಿದ್ದಳಲ್ಲ, ಸಂಜೆ ವಸಂತನ ರದ್ದಿ ಅಂಗಡಿಗೆ ನುಗ್ಗುತ್ತಿದ್ದಳು. ಹಳೇ ಪೇಪರಿನ ಗುಡ್ಡದಿಂದ ಒಂದು ಪುಸ್ತಕ ಎಳೆದು, ಮಧ್ಯದ ಪುಟ ತೆಗೆದು, ಬಾಗಿಲಲ್ಲಿ ನಿಂತೇ ಓದುವುದು. ಕಾಲು ನೋಯುತ್ತಿದೆ ಅಂತ ಗೊತ್ತಾದರೆ ಪುಸ್ತಕ ತಕ್ಕಡಿಗೆ ವಾಪಸ್. ಬಸ್ ತಪ್ಪಿದರೆ ಪುಸ್ತಕ ಮನೆಗೆ. ಒಳ್ಳೆಯ ಪುಸ್ತಕ ಗುರುತಿಸಲು ಇದಕ್ಕಿಂತ ಪಕ್ಕಾ ವಿಧಾನವನ್ನು ನಾನು ಯಾವ ಮೇಷ್ಟ್ರ ಬಾಯಲ್ಲೂ ಕೇಳಿಲ್ಲ. ಅವಳು ತಡವಾಗಿ ಬಂದಾಗಲೆಲ್ಲ ತಾವು ಬೈಯುತ್ತಿದ್ದಿರಿ. ಬೈದು ಮುಗಿಯುವ ಮೊದಲೇ "ಯಾವ್ದದು, ತೋರ್ಸು" ಅನ್ನುತ್ತಿದ್ದಿರಿ. ಓದಿ ಮುಗಿಸಿದ ಮೇಲೆ ಅವಳು ಅದನ್ನು ಮಷಿನ್ ಹಲಗೆಯ ಮೇಲೆ ಇಟ್ಟು, "ಅಮ್ಮ, ಇದನ್ನ ಓದು" ಅನ್ನುತ್ತಿದ್ದಳು. ಅಷ್ಟೇ. ಕಥೆ ಏನು ಅಂತ ಒಂದು ದಿನವೂ ಹೇಳಿದವಳಲ್ಲ.

ಹೋದ ವರ್ಷದ ಮಳೆಗಾಲದ ನಂತರ ತಾವು ಪುಸ್ತಕ ಮುಟ್ಟಲಿಲ್ಲ. ಈ ಯುಗಾದಿಗೆ ನಾನು ಬಂದಾಗ, ಗುಂಡಿ ಹೊಲಿಯುತ್ತ, ತಲೆ ಎತ್ತದೆ ತಾವು ಅಂದದ್ದು ನನಗೆ ಅಕ್ಷರಶಃ ನೆನಪಿದೆ: "ಓದೋಕೆ ಏನಾದ್ರೂ ಇದ್ರೆ ಕಳ್ಸೋ ಯತಿ. ಆದ್ರೆ ಅದ್ರಲ್ಲಿ ಯಾರೂ ಸಾಯ್ಬಾರ್ದು. ನೀನು ಮೊದ್ಲು ಓದಿ ನೋಡಿ ಕಳ್ಸು."

ಹೀಗೆ ನಾನು ಪರೀಕ್ಷಾಧಿಕಾರಿಯಾದೆ. ಯಾರೂ ಸಾಯದ ಪುಸ್ತಕ ಕೊಡು ಅಂದದ್ದಕ್ಕೆ ವಸಂತ ತಕ್ಕಡಿ ಕೆಳಗಿಟ್ಟು ನನ್ನನ್ನೇ ನೋಡಿದ. "ಹಂಗಾರೆ ಪಂಚಾಂಗ ತಗೊಂಡ್ ಹೋಗು. ಅದ್ರಾಗೂ ಗ್ರಹಣ ಐತಿ, ನೋಡ್ಕೊ" ಅಂದ. ನಾನು ಹಿಂಜರಿಯಲಿಲ್ಲ. ಉಪ್ಪಿನಕಾಯಿ ಮಾಡುವ ವಿಧಾನ ಕಳಿಸಿದೆ. ತಾವು ವಾಪಸ್ ಕಳಿಸಿದಿರಿ. ಜೇನು ಸಾಕಣೆ ಕಳಿಸಿದೆ. ಅದನ್ನು ತಾವು ಪೂರ್ತಿ ಓದಿ ಫೋನ್ ಮಾಡಿದಿರಿ. "ಎಂಬತ್ತನೇ ಪುಟದಲ್ಲಿ ರೋಗ ಬಂದು ಒಂದು ಗೂಡು ಹುಳ ಪೂರಾ ಸಾಯ್ತಾವೆ. ನೀನು ಓದ್ಲಿಲ್ಲ. ಕಳ್ಳ." ಅಂದಿರಿ. ಆ ಒಂದು ಪುಸ್ತಕದ ಮಟ್ಟಿಗೆ ತಪ್ಪು ಒಪ್ಪಿಕೊಂಡಿದ್ದೇನೆ.

ಆಮೇಲೆ ನಿಜವಾದ ಕಥೆ ಪುಸ್ತಕಗಳಿಗೆ ಕೈ ಹಾಕಿದೆ, ಸಿಕ್ಕಿಬಿದ್ದೆ. ಅಕ್ಕನ ಪರೀಕ್ಷೆಯಲ್ಲಿ ಪಾಸಾಗುವ, ಬಸ್ ತಪ್ಪಿಸುವ ಯಾವ ಪುಸ್ತಕ ಹಿಡಿದರೂ ಅದರಲ್ಲಿ ಒಬ್ಬರಾದರೂ ಹೋಗುತ್ತಾರೆ. ಅಜ್ಜಿ ಕೆಮ್ಮಿದಳೋ, ಮುಗಿಯಿತು. ಮನೆಗೊಬ್ಬ ತಮಾಷೆಯ ಮಾವ ಇದ್ದನೋ, ಅವನಿಗೂ ಅಷ್ಟೇ ಆಯುಸ್ಸು. ಆಗ ನಾನು ಅಪ್ಪನ ಅಂಗಡಿಯ ಸ್ಟೇಪ್ಲರ್ ತಂದೆ. ಕೆಮ್ಮು ಶುರುವಾದ ಪುಟದಿಂದ ಎಲ್ಲರೂ ಕಾರ್ಯದ ಊಟಕ್ಕೆ ಕೂತ ಪುಟದವರೆಗೆ ಸೇರಿಸಿ ಪಿನ್ ಹೊಡೆದೆ. ಪರೀಕ್ಷಾಧಿಕಾರಿ ಆದವನು ವಿಷವನ್ನು ತಾನು ಮೊದಲು ಕುಡಿದು ನೋಡಬೇಕಲ್ಲ, ಆ ಪುಟಗಳನ್ನೆಲ್ಲ ನಾನು ಒಬ್ಬನೇ ಕೂತು, ಎದೆ ಗಟ್ಟಿ ಮಾಡಿಕೊಂಡು ಓದಿದೆ. ಪಿನ್ನಿನ ಮೇಲೆ ಒಂದು ಚೀಟಿ: "ಇಲ್ಲಿ ಅಜ್ಜಿ ಶಿವಮೊಗ್ಗಕ್ಕೆ ಹೋದರು. ಮುಂದೆ ಓದಿ."

ಈ ರೀತಿ ಒಬ್ಬ ಅಜ್ಜಿ, ಒಬ್ಬ ಶ್ಯಾನುಭೋಗರು, ಒಬ್ಬ ಪೈಲ್ವಾನ, ಇಬ್ಬರು ಹೆಡ್‌ಮಾಸ್ತರು ನನ್ನ ಆಡಳಿತದಲ್ಲಿ ಶಿವಮೊಗ್ಗಕ್ಕೆ ಹೋದರು. ಒಂದು ಎತ್ತು ಕೂಡ ಹೋಯಿತು. ಎತ್ತಿನ ಪುಸ್ತಕ ಓದಿದ ದಿನ ತಾವೇ ಫೋನ್ ಮಾಡಿ, "ಎತ್ತಿಗೆ ಶಿವಮೊಗ್ಗದಲ್ಲಿ ಏನೋ ಕೆಲಸ, ಡಿ.ಸಿ. ಆಫೀಸಲ್ಲಾ?" ಅಂತ ಕೇಳಿ ನಕ್ಕಿರಿ. ಹೋದ ವರ್ಷದ ಮಳೆಗಾಲದ ನಂತರ ಆ ನಗು ನಾನು ಕೇಳಿರಲಿಲ್ಲ. ಅವತ್ತು ಅಮ್ಮನಿಗೆ, "ದೊಡ್ಡಮ್ಮ ನಕ್ಕರು" ಅಂತ ಹೇಳಿದೆ. ಅಮ್ಮ ಒಲೆ ಆರಿಸಿ, ಸ್ವಲ್ಪ ಹೊತ್ತು ಹಿತ್ತಲಿಗೆ ಹೋಗಿ ಬಂದಳು.

ಆಮೇಲೆ ಹೋದ ತಿಂಗಳ ಆ ಫೋನ್.

ತಾವು ಊಟ ಆಯ್ತಾ ಅಂತ ಕೇಳಲಿಲ್ಲ. "ಯತಿ," ಅಂದಿರಿ, "ನಿನ್ನ ಪುಸ್ತಕದಲ್ಲಿ ಶಿವಮೊಗ್ಗಕ್ಕೆ ಹೋದೋರು ಒಬ್ರಾದ್ರೂ ತಿರುಗಿ ಬಂದಿದಾರೇನೋ?"

ಆಗ ಮಷಿನ್ ಸದ್ದೂ ಇರಲಿಲ್ಲ. ಫೋನ್ ಕಟ್ ಆಯಿತು.

ತಾವು-ಗಿವು ಇಲ್ಲಿಗೆ ಸಾಕು ದೊಡ್ಡಮ್ಮ. ಇನ್ನು ಮುಂದಿನದನ್ನು ತಾವು ಅಂತ ಬರೆಯಲು ನನ್ನಿಂದ ಆಗುವುದಿಲ್ಲ.

ನಾನು ಯೋಚನೆ ಮಾಡಿರಲಿಲ್ಲ. ಅಷ್ಟೇ ನಿಜ. ಇಲ್ಲಿಂದ ಯಾರು ಎಲ್ಲಿಗೆ ಹೋದರೂ ಶಿವಮೊಗ್ಗಕ್ಕೇ ಅಲ್ಲವಾ ಹೋಗೋದು, ಮದುವೆ ಸೀರೆಗೆ, ಕೋರ್ಟಿಗೆ, ಕಣ್ಣು ತೋರಿಸಲಿಕ್ಕೆ. ಕೈಗೆ ಬಂದ ಊರಿನ ಹೆಸರು ಬರೆದೆ. ಎರಡನೇ ಚೀಟಿಯಲ್ಲೂ ಅದನ್ನೇ ಬರೆದೆ, ತಮಾಷೆ ಕೂಡಿಬಂತು ಅಂತ ಬರೆಯುತ್ತಾ ಹೋದೆ. ನಿನ್ನ ಕೈಯಲ್ಲಿ ಆ ಚೀಟಿ ಏನಾಗುತ್ತದೆ ಅಂತ ಹೊಳೆಯಲೇ ಇಲ್ಲ. ನನಗೆ ಹೊಳೆಯಬೇಕಿತ್ತು. ಯಾಕೆಂದರೆ ಅವತ್ತು ನಾನೂ ರಸ್ತೆಯಲ್ಲಿ ನಿಂತಿದ್ದೆ.

ಅಕ್ಕನನ್ನು ಸೊರಬದಿಂದ ಶಿವಮೊಗ್ಗಕ್ಕೆ ಒಯ್ಯುತ್ತಿದ್ದ ಆಂಬುಲೆನ್ಸ್ ಅಮ್ಮನನ್ನು ಹತ್ತಿಸಿಕೊಳ್ಳಲು ನಮ್ಮ ಬಸ್‌ಸ್ಟ್ಯಾಂಡ್ ಹತ್ತಿರ ಒಂದು ನಿಮಿಷ ನಿಂತಿತ್ತು. ಅಕ್ಕನಿಗೆ ಅಂತ ವಸಂತ ತೆಗೆದಿಟ್ಟಿದ್ದ ಪುಸ್ತಕ ನನ್ನ ಹತ್ತಿರ ಇತ್ತು; ಹಿಡಿದುಕೊಂಡು ಓಡಿಬಂದೆ. ನೀನು ಅವಳ ಕಾಲಿಗೆ ಶಾಲು ಹೊದಿಸುತ್ತಿದ್ದೆ, ನನ್ನನ್ನು ನೋಡಲಿಲ್ಲ. ಜ್ವರಕ್ಕೆ ಅವಳ ತುಟಿ ಒಣಗಿ ಬಿರಿದಿತ್ತು. ಪುಸ್ತಕ ತೆಗೆದುಕೊಂಡು ಹೊಟ್ಟೆ ಮೇಲೆ ಇಟ್ಟುಕೊಂಡು, "ನೀನು ಮೊದ್ಲು ಓದ್ಬಿಟ್ಟಿಲ್ಲ ತಾನೆ? ನಾನು ಓದಿ ಹೇಳ್ತೀನಿ" ಅಂದಳು. ನಾನು ಎರಡೂ ಕೈ ಜೋಡಿಸಿ, ನಾಟಕದ ದ್ವಾರಪಾಲಕನ ಹಾಗೆ ಬಗ್ಗಿ, "ಅಪ್ಪಣೆ ಮಹಾರಾಣಿ" ಅಂದೆ. ಅವಳು ನಕ್ಕಳು. ಬಾಗಿಲು ಹಾಕಿದರು.

ಆ ಪುಸ್ತಕ ಆಸ್ಪತ್ರೆಯಲ್ಲೇ ಬಿಟ್ಟುಹೋಯಿತು ಅಂತ ನೀನು ತಿಳಿದುಕೊಂಡಿದ್ದೀಯ. ಇಲ್ಲ. ಅವಳ ಶಾಲಿನ ಜೊತೆ ಚೀಲದಲ್ಲಿ ಅಮ್ಮನ ಕೈಗೆ ಬಂತು, ನಮ್ಮ ಮನೆಯಲ್ಲೇ ಉಳಿಯಿತು. ಶಾಲನ್ನು ಅಮ್ಮ ನಿನಗೆ ತಂದುಕೊಟ್ಟಳು. ಪುಸ್ತಕ ನಾನು ಇಟ್ಟುಕೊಂಡೆ. ಈ ಪತ್ರ ಕಟ್ಟಿರುವ ಪಾರ್ಸೆಲ್ ಒಳಗಿರುವುದು ಅದೇ.

ಈಗ ಪರೀಕ್ಷಾಧಿಕಾರಿಯ ಕೊನೆಯ ಶಿಫಾರಸು. ಮುಖಪುಟ ಹರಿದುಹೋಗಿದೆ, ಹೆಸರು ಗೊತ್ತಿಲ್ಲ, ಬರೆದವರು ಯಾರೋ ಗೊತ್ತಿಲ್ಲ. ಅಕ್ಕಪಕ್ಕದ ಮನೆಯಲ್ಲಿರುವ ಅಕ್ಕ-ತಂಗಿ, ಇಬ್ಬರಿಗೂ ಮಾತಿಲ್ಲ, ನಡುವೆ ಒಂದೇ ಬಾವಿ. ಒಬ್ಬಳು ನೀರು ಸೇದುವಾಗ ಇನ್ನೊಬ್ಬಳು ಕದ ಹಾಕಿಕೊಂಡು ಒಳಗಿಂದ ಬೈಯುತ್ತಾಳೆ. ಬೈಗುಳ ಓದಿದರೆ ನಿನಗೆ ನಮ್ಮ ಅಮ್ಮನೂ ನೀನೂ ನೆನಪಾಗುತ್ತೀರಿ. ಈ ಪುಸ್ತಕದಲ್ಲಿ ತಂಗಿ ಸಾಯುತ್ತಾಳೆ. ನೇರವಾಗಿ ಹೇಳುತ್ತಿದ್ದೇನೆ. ಶಿವಮೊಗ್ಗಕ್ಕೆ ಹೋಗುವುದಿಲ್ಲ, ಸಾಯುತ್ತಾಳೆ. ಎಲ್ಲೂ ಪಿನ್ ಹೊಡೆದಿಲ್ಲ, ಚೀಟಿ ಇಲ್ಲ. ಮಾರನೇ ದಿನ ಬೆಳಿಗ್ಗೆ ಅಕ್ಕ ಬಾವಿಗೆ ಹೋಗುತ್ತಾಳೆ. ತನ್ನ ಕೊಡ ತುಂಬಿಸಿಕೊಳ್ಳುತ್ತಾಳೆ. ತಂಗಿಯ ಕೊಡ ಕಟ್ಟೆಯ ಮೇಲೇ ಇದೆ, ಅದನ್ನೂ ತುಂಬಿಸುತ್ತಾಳೆ. ತುಂಬಿಸಿ, ಏನು ಮಾಡುವುದು ಅಂತ ತಿಳಿಯದೆ ಅಲ್ಲೇ ಕೂರುತ್ತಾಳೆ. ಅಲ್ಲಿಗೆ ಮುಗಿಯುತ್ತದೆ.

ಇದನ್ನು ನೀನು ಓದಬೇಕು ಅಂತ ನಾನು ಯಾಕೆ ಹಟ ಹಿಡಿದಿದ್ದೇನೆ ಅಂದರೆ, ಉಪ್ಪಿನಕಾಯಿ ಪುಸ್ತಕದಲ್ಲಿ ಯಾರೂ ಸಾಯುವುದಿಲ್ಲ, ಸರಿ. ಯಾರೂ ಬಂದು ಆ ಉಪ್ಪಿನಕಾಯಿ ತಿನ್ನುವುದೂ ಇಲ್ಲ. ಪಿನ್ ಹೊಡೆದ ಪುಸ್ತಕಗಳೂ ಕೊನೆಗೆ ಹಾಗೇ ಆಗಿಬಿಟ್ಟವು. ಅಕ್ಕ ನಿನಗೆ ಯಾವತ್ತೂ ಪುಟ ಮುಚ್ಚಿ ಪುಸ್ತಕ ಕೊಟ್ಟವಳಲ್ಲ. ಅವಳು ಆರಿಸಿ ತಂದದ್ದರಲ್ಲಿ ಎಷ್ಟು ಜನ ಸತ್ತರು, ನೀನು ಮಷಿನ್ ಮೇಲೆ ತಲೆ ಇಟ್ಟು ಎಷ್ಟು ಸಲ ಅತ್ತೆ, ಅವಳು ಪಕ್ಕದಲ್ಲಿ ಕೂತು "ಮುಂದೆ ಓದಮ್ಮ, ಮುಂದೆ ಚೆನ್ನಾಗಿದೆ" ಅನ್ನುತ್ತಿದ್ದಳು. ನಾನು ಕಂಡಿದ್ದೇನೆ.

ಇದನ್ನು ಓದುವವರೆಗೆ ಆ ಎರಡು ಚೀಲ ಬಾಗಿಲ ಹಿಂದೆಯೇ ಇರಲಿ. ಓದಿದ ಮೇಲೂ ರದ್ದಿಗೇ ಹಾಕಬೇಕು ಅನ್ನಿಸಿದರೆ ಹಾಕು, ನಾನು ಮಾತಾಡುವುದಿಲ್ಲ. ಬೇಕಾದರೆ ನಾನೇ ಬಂದು ಹೊತ್ತುಕೊಂಡು ಹೋಗುತ್ತೇನೆ. ಆನಂದಪ್ಪನವರಿಗೆ, ಮಷಿನ್ ಹಲಗೆಯ ಮೇಲೇ ಇಟ್ಟು ಬನ್ನಿ, ಅವರು ಬ್ಯಾಡ ಅಂದರೂ ಕಿವಿ ಕೇಳದವರ ಹಾಗೆ ಬಸ್ ಹತ್ತಿಬಿಡಿ ಅಂತ ಹೇಳಿದ್ದೇನೆ. "ನಾ ಬೈಸ್ಕೊಳ್ಳಾಕಾ?" ಅಂದರು. ಹೌದು ಅಂದೆ. ಪಾರ್ಸೆಲ್ಲಿನಲ್ಲಿ ಅವರಿಗೊಂದು ಚಿಪ್ಪು ಬಾಳೆಹಣ್ಣು ಇಟ್ಟಿದ್ದೇನೆ, ಲಂಚ. ಮುಂದಿನ ಟ್ರಿಪ್ಪಿಗೆ ಅವರು ಬಂದಾಗ ನೀನು ಕೊಡದೆ ಇಟ್ಟುಕೊಂಡರೆ ನನ್ನ ಮರ್ಯಾದೆ ಹೋಗುತ್ತದೆ.

ಆಸ್ಥಾನದಿಂದ ವಜಾಗೊಂಡು, ಆದರೂ ಹೊಸ್ತಿಲು ಬಿಟ್ಟು ಕದಲದ,
ನಿನ್ನ ಯತಿ

ತಾ.ಕ.: ಪುಸ್ತಕದಲ್ಲಿ ಒಂದು ಪುಟದ ಮೂಲೆ ಮಡಿಸಿದೆ. ಮಡಿಸಿದ್ದು ಅಕ್ಕ, ಆಸ್ಪತ್ರೆಯಲ್ಲಿ. ನಾನು ಓದಿರುವುದೂ ಅಲ್ಲಿಯವರೆಗೇ. ಅಲ್ಲಿ ತಂಗಿಗೆ ಆಗಷ್ಟೇ ಜ್ವರ ಶುರುವಾಗಿದೆ. ಮುಂದೆ ಏನಾಗುತ್ತದೋ ನನಗೆ ಗೊತ್ತಿಲ್ಲ. ಎರಡು ಕೊಡದ ಮಾತು ನಾನು ಕಟ್ಟಿದ್ದು. ಯುಗಾದಿಗೆ ಬಂದಾಗ ನೀನು ಮಧ್ಯಾಹ್ನ ಎರಡು ಲೋಟ ಚಹಾ ಸೋಸಿ, ಒಂದನ್ನು ಅಕ್ಕನ ಸ್ಟೂಲಿನ ಮೇಲೆ ಇಟ್ಟು, ಹಾಗೇ ಕೂತದ್ದನ್ನು ಬಾಗಿಲಿಂದ ನೋಡಿದ್ದೆ. ಪಿನ್ ಹೊಡೆದ ಪುಟಗಳನ್ನೂ ನಾನು ಒಂದೂ ಓದಿಲ್ಲ ದೊಡ್ಡಮ್ಮ. ಕೆಮ್ಮು ಶುರುವಾದ ಕೂಡಲೇ ಕಣ್ಣು ಮುಚ್ಚಿ ಹೊಡೆಯುತ್ತಿದ್ದೆ. ಈ ಸಲ ನೀನು ಮೊದಲು ಓದು. ಓದಿ, ಅದರಲ್ಲಿ ಯಾರಾದರೂ ಸಾಯುತ್ತಾರಾ ಅಂತ ನನಗೆ ಹೇಳು.